ಅಂದಕ್ಕೆ 46, ಕೆಲಸಕ್ಕೆ 29: ಪಾಂಡವಪುರದ ಬಳಿಯ ಒಂದು ನಾಯಿ ಪರೀಕ್ಷಾ ಕೇಂದ್ರ

ನನ್ನ ಜರ್ಮನ್ ಶೆಫರ್ಡ್ ಭೀಮ ಕಳೆದ ವರ್ಷ ಮೈಸೂರಿನ ಒಂದು ಶ್ವಾನ ಪ್ರದರ್ಶನದಲ್ಲಿ ತನ್ನ ತಳಿಯ ನಾಯಿಗಳಲ್ಲಿ ಮೊದಲನೆಯವನಾಗಿ ಬಂದ. ತೀರ್ಪುಗಾರರು ಅವನ ಹಲ್ಲು ನೋಡಿದರು, ಬೆನ್ನ ಮೇಲೆ ಕೈಯಾಡಿಸಿದರು, ವೃಷಣಗಳೆರಡೂ ಇಳಿದಿವೆಯೇ ಎಂದು ಮುಟ್ಟಿ ನೋಡಿದರು, ರಿಂಗ್ ಸುತ್ತ ಎರಡು ಬಾರಿ ಓಡಿಸಿದರು. ಎಲ್ಲ ಸೇರಿ ಮೂರು ನಿಮಿಷವೂ ಆಗಿರಲಿಲ್ಲ. ಬಹುಮಾನದ ಕಪ್ಪು ಕುವೆಂಪುನಗರದ ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿದೆ. ಆದರೆ ಅದನ್ನು ನೋಡಿದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತಿತ್ತು: ಕುರಿ ಕಾಯುವುದಕ್ಕೆಂದು ಹುಟ್ಟಿದ ತಳಿಯ ನಾಯಿಯೊಂದನ್ನು, ಅದು ಏನು ಮಾಡಬಲ್ಲದು ಎಂದು ಒಮ್ಮೆಯೂ ಕೇಳದೆ, ಆ ತಳಿಯ ಉತ್ತಮ ಮಾದರಿ ಎಂದು ಹೇಗೆ ಒಪ್ಪುವುದು?

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಈ ಮಾರ್ಚಿಯಲ್ಲಿ ಪಾಂಡವಪುರದ ಬಳಿಯ ಒಂದು ಕೇಂದ್ರಕ್ಕೆ ಹೋಗಿದ್ದೆ. ಸೇನೆಯಲ್ಲಿ ನಾಯಿಗಳೊಂದಿಗೆ ದುಡಿದು ನಿವೃತ್ತರಾದವರೊಬ್ಬರು ವಿಶ್ವೇಶ್ವರಯ್ಯ ನಾಲೆಯ ಪಕ್ಕದ ನಾಲ್ಕು ಎಕರೆ ಜಮೀನಿನಲ್ಲಿ ಅದನ್ನು ನಡೆಸುತ್ತಾರೆ. ಭಾನುವಾರಗಳಂದು ಐದು ನಾಯಿಗಳನ್ನು ಮಾತ್ರ ತೆಗೆದುಕೊಂಡು, ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಅವುಗಳ ಅಂಗಲಕ್ಷಣವನ್ನೂ ಕೆಲಸದ ಸಾಮರ್ಥ್ಯವನ್ನೂ ಪರೀಕ್ಷಿಸಿ, ಲಿಖಿತ ವರದಿ ಮತ್ತು ಪ್ರಮಾಣಪತ್ರ ಕೊಡುವುದು ಅಲ್ಲಿಯ ಸೇವೆ. ನಾಯಿಯೊಂದಕ್ಕೆ 1,800 ರೂಪಾಯಿ. ಒಬ್ಬರೇ ಕಟ್ಟಿಕೊಂಡ ಸಣ್ಣ ಉದ್ಯಮ ಅದು, ಮತ್ತು ನನಗೆ ಮೆಚ್ಚುಗೆಯ ಜೊತೆಗೆ ಗಟ್ಟಿಯಾದ ಆಕ್ಷೇಪಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಅಲ್ಲಿ ಕೆಲಸದ ಪರೀಕ್ಷೆ ಮೊದಲು, ದೇಹದ ಪರೀಕ್ಷೆ ಆಮೇಲೆ. ಇದು ಕೇವಲ ಸಮಯದ ಅನುಕೂಲಕ್ಕೆ ಮಾಡಿಕೊಂಡ ಕ್ರಮವಲ್ಲ. ನಾಯಿ ದುಡಿಯುವುದನ್ನು ಕಣ್ಣಾರೆ ಕಂಡ ಮೇಲೆ ಅದರ ಭುಜವನ್ನೋ ಹಿಂಗಾಲನ್ನೋ ಮುಟ್ಟಿ ನೋಡಿದಾಗ, ಆ ಅಂಗದ ಬಾಗು ಏಕೆ ಹಾಗಿರಬೇಕು ಅಥವಾ ಇರಬಾರದು ಎಂಬುದು ನಮಗೇ ಅರ್ಥವಾಗುತ್ತದೆ. ಭೀಮನ ವಿಷಯದಲ್ಲಿ ಆದದ್ದು ಅದೇ. ಬೆಳಗಿನ ತಂಪಿನಲ್ಲಿ ನಾಲೆಯ ಏರಿಯ ಮೇಲೆ ಸೈಕಲ್ಲಿನ ಪಕ್ಕದಲ್ಲಿ ಐದು ಕಿಲೋಮೀಟರ್ ಓಡಿಸಿದರು. ಜರ್ಮನಿಯ ತಳಿ ಸಂಘ ನಡೆಸುವ ಸಹಿಷ್ಣುತೆಯ ಪರೀಕ್ಷೆಯಲ್ಲಿ ಓಟ 20 ಕಿಲೋಮೀಟರ್ ಇರುತ್ತದೆ. ನಮ್ಮ ಬಿಸಿಲಿಗೆ ಐದೇ ಸಾಕೆಂದು ಇವರು ಇಳಿಸಿಕೊಂಡಿದ್ದಾರೆ, ಅದು ಸರಿಯೂ ಹೌದು. ಮೊದಲ ಮೂರು ಕಿಲೋಮೀಟರ್ ಭೀಮನ ನಡೆ ಪ್ರದರ್ಶನದ ರಿಂಗಿನಲ್ಲಿ ಕಂಡಷ್ಟೇ ಚೆಲುವಾಗಿತ್ತು. ನಾಲ್ಕನೆಯದರಲ್ಲಿ ಹಿಂಗಾಲಿನ ಮೊಣಕೀಲುಗಳು ಒಳಗೂ ಹೊರಗೂ ತೂಗಾಡತೊಡಗಿದವು. ನಿಂತಾಗ ಕಣ್ಣಿಗೆ ಸೊಗಸಾಗಿ ಕಾಣುವ ಆ ಇಳಿಜಾರು ಬೆನ್ನು ಮತ್ತು ಅತಿಯಾಗಿ ಬಾಗಿದ ಹಿಂಗಾಲು, ದೂರದ ಓಟದಲ್ಲಿ ಶಕ್ತಿಯನ್ನು ಮುಂದಕ್ಕೆ ತಳ್ಳುವ ಬದಲು ತನ್ನನ್ನು ತಾನು ಹಿಡಿದುಕೊಳ್ಳುವುದರಲ್ಲೇ ಕಳೆಯುತ್ತದೆ ಎಂದು ಅವರು ವಿವರಿಸಿದರು. ಯಾವ ಲಕ್ಷಣಕ್ಕಾಗಿ ಅವನಿಗೆ ಕಪ್ಪು ಬಂದಿತ್ತೋ ಅದೇ ಲಕ್ಷಣ ಇಲ್ಲಿ ಅವನನ್ನು ದಣಿಸಿತು. ರಿಂಗಿನ ಎರಡು ಸುತ್ತಿನಲ್ಲಿ ಇದು ಯಾರಿಗೂ ಕಾಣುವುದಿಲ್ಲ.

ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಅಶ್ವದಳದ ಅಧಿಕಾರಿ 1899ರಲ್ಲಿ ಕಾರ್ಲ್‌ಸ್ರೂಹೆಯ ನಾಯಿ ಪ್ರದರ್ಶನವೊಂದರಲ್ಲಿ ಹೆಕ್ಟರ್ ಎಂಬ ನಾಯಿಯನ್ನು ಕೊಂಡು, ಅದಕ್ಕೆ ಹೊರಾಂಡ್ ಎಂದು ಹೆಸರಿಟ್ಟು, ಅದನ್ನೇ ಈ ತಳಿಯ ಮೂಲಪುರುಷನನ್ನಾಗಿ ನೋಂದಾಯಿಸಿದ. ಅವನು ಬಯಸಿದ್ದು ಉಪಯೋಗ ಮತ್ತು ಬುದ್ಧಿ. ರೂಪ ಅವುಗಳ ಹಿಂದೆ ಬರಬೇಕಾದದ್ದು. ಪ್ರದರ್ಶನದಲ್ಲೇ ಕೊಂಡ ನಾಯಿಯಿಂದ ದುಡಿಮೆಯ ತಳಿಯೊಂದು ಹುಟ್ಟಿತು ಎಂಬುದು, ಅಂದವೂ ಕೆಲಸವೂ ಹುಟ್ಟಾ ವೈರಿಗಳು ಎಂದು ವಾದಿಸುವವರು ನೆನಪಿಡಬೇಕಾದ ಸಂಗತಿ.

ಓಟದ ನಂತರ ಕೊಯ್ಲಾದ ರಾಗಿ ಹೊಲದಲ್ಲಿ ವಾಸನೆ ಹಿಡಿದು ಸಾಗುವ ಪರೀಕ್ಷೆ. ಇಪ್ಪತ್ತು ನಿಮಿಷ ಮೊದಲೇ ನಾನೇ ನಡೆದು ಹೋಗಿ ಇನ್ನೂರು ಹೆಜ್ಜೆಯ ಜಾಡು ಹಾಕಿ, ದಾರಿಯಲ್ಲಿ ಚರ್ಮದ ಒಂದು ತುಂಡನ್ನೂ ಬಟ್ಟೆಯ ಒಂದು ತುಂಡನ್ನೂ ಬಿಟ್ಟು ಬಂದಿದ್ದೆ. ಭೀಮ ಮೊದಲ ತಿರುವಿನಲ್ಲಿ ತಡವರಿಸಿದನಾದರೂ ಚರ್ಮದ ತುಂಡನ್ನು ಹುಡುಕಿದ. ಆಮೇಲೆ ಧೈರ್ಯದ ಪರೀಕ್ಷೆ: ಅಪರಿಚಿತನೊಬ್ಬ ಎದುರಿಗೆ ಬಂದು ಛತ್ರಿ ಬಿಚ್ಚುತ್ತಾನೆ, ಬೇಲಿಯ ಹಿಂದಿನಿಂದ ತಗಡಿನ ಡಬ್ಬ ಬಡಿಯುತ್ತಾರೆ. ಬೆಚ್ಚುವುದು ತಪ್ಪಲ್ಲ, ಬೆಚ್ಚಿದ ನಾಯಿ ಎಷ್ಟು ಬೇಗ ಸುಧಾರಿಸಿಕೊಂಡು ಮರಳಿ ಹೋಗಿ ಆ ಡಬ್ಬವನ್ನು ಮೂಸುತ್ತದೆ ಎಂಬುದಕ್ಕೆ ಅಂಕ. ಭೀಮ ನನ್ನ ಕಾಲ ಹಿಂದೆ ಅಡಗಿದವನು ಎರಡು ನಿಮಿಷವಾದರೂ ಹೊರಬರಲಿಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಅವನು ಮಂಚದ ಕೆಳಗೆ ಸೇರುವುದನ್ನು ನಾವು ಮನೆಯವರೆಲ್ಲ ಮುದ್ದಿನ ವಿಷಯವೆಂದು ಹೇಳಿಕೊಳ್ಳುತ್ತಿದ್ದೆವು. ಆ ಹೊಲದಲ್ಲಿ ನಿಂತಾಗ ಮಾತ್ರ ಅದು ಮುದ್ದಾಗಿ ಕಾಣಲಿಲ್ಲ. ಬಂಡೀಪುರದಲ್ಲಿ ಅರಣ್ಯ ಇಲಾಖೆಯೊಂದಿಗೆ ವರ್ಷಗಟ್ಟಲೆ ದುಡಿದ ರಾಣಾ ಕೂಡ ಇದೇ ತಳಿಯ ನಾಯಿ. ಹುಲಿಯ ಜಾಡು ಹಿಡಿದು ಪೊದೆಯೊಳಗೆ ನುಗ್ಗಬೇಕಾದ ನಾಯಿಯ ಬೆನ್ನಿನ ಬಣ್ಣ ಎಷ್ಟು ಗಾಢವಾಗಿದೆ ಎಂದು ಯಾರೂ ಕೇಳುವುದಿಲ್ಲ.

ದೇಹದ ಪರೀಕ್ಷೆ ಅಚ್ಚುಕಟ್ಟಾಗಿತ್ತು. ನಲವತ್ತೆರಡು ಹಲ್ಲುಗಳನ್ನೂ ಎಣಿಸಿದರು, ಭುಜದ ಎತ್ತರವನ್ನು ಅಳತೆಗೋಲು ಹಿಡಿದೇ ಅಳೆದರು. ಗಂಡಿಗೆ 60ರಿಂದ 65 ಸೆಂಟಿಮೀಟರ್ ಇರಬೇಕು, ಭೀಮ 64 ಇದ್ದಾನೆ.

ಇನ್ನು ಆಕ್ಷೇಪಗಳು. ಮುಖ್ಯವಾದದ್ದು ಅಂಕಪಟ್ಟಿಯದು. ದೇಹಕ್ಕೆ 50, ಕೆಲಸಕ್ಕೆ 50; ಎರಡನ್ನೂ ಕೂಡಿ, 75 ಮತ್ತು ಅದಕ್ಕಿಂತ ಹೆಚ್ಚು ಬಂದರೆ ‘ಉತ್ತಮ’ ಎಂದೂ ಅದಕ್ಕಿಂತ ಕಡಿಮೆಯಾದರೆ ‘ಸಾಧಾರಣ’ ಎಂದೂ ಪ್ರಮಾಣಪತ್ರದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ ಕೊಡುತ್ತಾರೆ. ಭೀಮನಿಗೆ ದೇಹದಲ್ಲಿ 46, ಕೆಲಸದಲ್ಲಿ 29, ಒಟ್ಟು 75. ಅವನು ಉತ್ತಮ. ಅದೇ ದಿನ ಮಂಡ್ಯದಿಂದ ಬಂದಿದ್ದ ಒಂದು ಲ್ಯಾಬ್ರಡಾರ್, ಬಾಲ ಸುರುಳಿ ಸುತ್ತಿದ್ದ, ಭುಜ ಸ್ವಲ್ಪ ನೆಟ್ಟಗಿದ್ದ ಹೆಣ್ಣು, ನಾಲೆಯ ನೀರಿನಿಂದ ಎಸೆದ ವಸ್ತುವನ್ನು ಹತ್ತು ಬಾರಿ ಎಸೆದರೆ ಹತ್ತು ಬಾರಿಯೂ ತಂದು ಕೈಗಿಟ್ಟಿತು. ಡಬ್ಬದ ಸದ್ದಿಗೆ ಕಿವಿಯನ್ನಷ್ಟೇ ಆಡಿಸಿತು. ಅದಕ್ಕೆ ದೇಹದಲ್ಲಿ 31, ಕೆಲಸದಲ್ಲಿ 43, ಒಟ್ಟು 74. ಅದು ಸಾಧಾರಣ. ಲಾಭ ಆದದ್ದು ನನ್ನ ನಾಯಿಗೆ, ಆದರೂ ಈ ಲೆಕ್ಕವನ್ನು ನಾನು ಒಪ್ಪಲಾರೆ. ಹೊಳೆಯುವ ರೋಮಕ್ಕೆ ಬಂದ ಅಂಕಗಳು ಹೆದರಿಕೆಗೆ ಕಳೆದುಹೋದ ಅಂಕಗಳನ್ನು ತುಂಬಿಕೊಡುವುದಾದರೆ, ಸಮತೋಲ ಎಂಬ ಮಾತಿಗೆ ಏನರ್ಥ?

ಇದರ ಬಗ್ಗೆ ಅಂದೇ ಊಟದ ಹೊತ್ತಿನಲ್ಲಿ ಮಾತು ಬಂತು. (ಮುದ್ದೆ, ಸೊಪ್ಪಿನ ಸಾರು, ಶುಲ್ಕದಲ್ಲೇ ಸೇರಿದೆ, ರುಚಿಯಾಗಿತ್ತು.) ಮುಧೋಳದ ಹೆಣ್ಣು ನಾಯಿಯೊಂದನ್ನು ಕರೆತಂದಿದ್ದ ಪಾಂಡವಪುರದ ಕಡೆಯ ಹಿರಿಯ ರೈತರೊಬ್ಬರು ನನ್ನ ಅಂಕಪಟ್ಟಿ ನೋಡಿ ನಕ್ಕರು. “ಎತ್ತು ಕೊಳ್ಳಾಕೆ ಹೋದ್ರೆ ಮೊದ್ಲು ನೊಗ ಕಟ್ಟಿ ನೋಡ್ತೀವಿ ಸ್ವಾಮಿ. ನೊಗಕ್ಕೆ ಹೆಗಲು ಕೊಡ್ದೆ ಇರೋ ಎತ್ತಿನ ಸುಳಿ ಎಷ್ಟು ಚೆಂದಾಗಿದ್ರೇನು? ಕೊಟ್ಮೇಲೆ ತಾನೆ ಸುಳಿ, ಕೊಂಬು, ಗೊರಸು ಎಲ್ಲ” ಎಂದರು. ಹೇಮಗಿರಿಯ ಜಾತ್ರೆಯಲ್ಲೋ ಮುಡುಕುತೊರೆಯ ಜಾತ್ರೆಯಲ್ಲೋ ಹಳ್ಳಿಕಾರ್ ಜೋಡಿಯ ಮುಂದೆ ನಿಂತು ವ್ಯಾಪಾರ ನೋಡಿದವರಿಗೆ ಈ ಮಾತಿನ ಸತ್ಯ ಗೊತ್ತಿದೆ. ಅಲ್ಲಿ ಅಂದಕ್ಕೆ ಬೆಲೆಯಿಲ್ಲವೆಂದಲ್ಲ, ಬಹಳ ಇದೆ. ಸರಿಯಾದ ಕೊಂಬಿಗಾಗಿ, ಜೋಡಿಯ ಹೊಂದಿಕೆಗಾಗಿ ಹಣ ಸುರಿಯುತ್ತಾರೆ. ಆದರೆ ಆ ಅಂದದ ಲೆಕ್ಕ ಶುರುವಾಗುವುದು ಎತ್ತು ದುಡಿಯುತ್ತದೆ ಎಂಬುದು ಖಚಿತವಾದ ಮೇಲೆ. ಮೈಸೂರು ಅರಸರ ದನಗಳ ಇಲಾಖೆಯಾದ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ರಾಸುಗಳ ಮೈಕಟ್ಟು ಇಂದಿಗೂ ಕಣ್ಣು ಸೆಳೆಯುತ್ತದೆ, ಸೈನ್ಯದ ಸಾಮಾನನ್ನೂ ತೋಪುಗಳನ್ನೂ ವೇಗವಾಗಿ ಎಳೆಯಬಲ್ಲವನ್ನು ಆರಿಸಿ ಆರಿಸಿ ಬಂದ ಮೈಕಟ್ಟು ಅದು.

ಅಂದರೆ ಒಂದು ಇನ್ನೊಂದಕ್ಕೆ ಹೊಸ್ತಿಲಾಗಬೇಕು, ಕೂಡಿಸುವ ಅಂಕವಾಗಬಾರದು. ಹೊರದೇಶಗಳಲ್ಲಿ ಇದಕ್ಕೆ ಮಾದರಿಗಳಿವೆ. ಜರ್ಮನ್ ಶೆಫರ್ಡ್‌ನ ಮಾತೃಸಂಘದ ಪ್ರದರ್ಶನಗಳಲ್ಲಿ ವಯಸ್ಕ ನಾಯಿಗಳ ವರ್ಗಕ್ಕೆ ಇಳಿಯಬೇಕಾದರೆ ಕೆಲಸದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಬ್ರಿಟನ್ನಿನಲ್ಲಿ ರಿಂಗಿನಲ್ಲಷ್ಟೇ ಗೆದ್ದ ಲ್ಯಾಬ್ರಡಾರ್ ‘ಷೋ ಚಾಂಪಿಯನ್’ ಎನಿಸಿಕೊಳ್ಳುತ್ತದೆ. ಹೊಲದಲ್ಲಿಯೂ ತನ್ನ ಕಸುಬು ತೋರಿಸಿದ ಮೇಲೆಯೇ ಅದು ಬರಿಯ ‘ಚಾಂಪಿಯನ್’. ಒಂದೇ ಒಂದು ಪದ ಉದುರಿದರೆ ಗೌರವ ಹೆಚ್ಚುವ ಬಿರುದು ಇದೊಂದೇ ಇರಬೇಕು. ಬ್ರಿಟನ್ನಿನದೇ ದೊಡ್ಡ ಶ್ವಾನ ಪ್ರದರ್ಶನವಾದ ಕ್ರಫ್ಟ್ಸ್‌ನಲ್ಲಿ 2012ರಲ್ಲಿ, ಆರೋಗ್ಯದ ಕಾಳಜಿಗೆ ಕಾರಣವಾಗಿದ್ದ 15 ತಳಿಗಳಲ್ಲಿ ಗೆದ್ದ ನಾಯಿಗಳನ್ನು ಪಶುವೈದ್ಯರು ತಪಾಸಣೆ ಮಾಡಿ, ಅವುಗಳಲ್ಲಿ ಬುಲ್‌ಡಾಗ್ ಮತ್ತು ಪೀಕಿನೀಸ್ ಸೇರಿದಂತೆ ಆರನ್ನು ಮುಂದಿನ ಸುತ್ತಿಗೆ ಬಿಡಲಿಲ್ಲ. ಉಸಿರಾಟವೋ ಕಣ್ಣೋ ನೆಟ್ಟಗಿಲ್ಲದ ನಾಯಿಗೆ ಬೇರೆ ಅಂಗದ ಚೆಲುವಿನಿಂದ ಅಂಕ ತುಂಬಿಕೊಡುವ ಅವಕಾಶವೇ ಅಲ್ಲಿರಲಿಲ್ಲ.

ಎರಡನೆಯ ಆಕ್ಷೇಪ, ಎಲ್ಲ ತಳಿಗೂ ಹೆಚ್ಚುಕಡಿಮೆ ಒಂದೇ ಪರೀಕ್ಷೆ ಎಂಬುದು. ಲ್ಯಾಬ್ರಡಾರ್‌ಗೆ ನೀರಿನ ಕೆಲಸ ಸೇರಿಸಿದ್ದಾರೆ, ಅಷ್ಟು ಸರಿ. ಆದರೆ ಆ ರೈತರ ಮುಧೋಳವನ್ನೂ ರಾಗಿ ಕೂಳೆಯಲ್ಲಿ ಮೂಗು ಊರಿ ಜಾಡು ಹಿಡಿಯಲು ಹಚ್ಚಿದರು. ಅದು ತಲೆಯೆತ್ತಿ ದೂರದ ತೆಂಗಿನ ತೋಟವನ್ನು ನೋಡುತ್ತಾ ನಿಂತಿತು, ಸೊನ್ನೆ ಪಡೆಯಿತು. ಮುಧೋಳ ಕಣ್ಣಿನ ಬೇಟೆಗಾರ, ಮೂಗಿನದಲ್ಲ. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಬಳ್ಳಿಯಂತೆ ಬಾಗುವ ಸೊಂಟ, ಇವೆಲ್ಲ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವುದಕ್ಕೆ ಒದಗಿದವು. ಅದು ಪೂರ್ಣ ವೇಗದಲ್ಲಿರುವಾಗ ಓಟದ ಒಂದೊಂದು ಆವರ್ತದಲ್ಲಿ ನಾಲ್ಕೂ ಕಾಲುಗಳು ಎರಡೆರಡು ಬಾರಿ ನೆಲ ಬಿಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವಾಗ ಮೊಲ ಬೇಟೆಯಾಡಿಸಿ ನೋಡುವ ಮಾತೇ ಇಲ್ಲ, ಬೇಕಾಗಿಯೂ ಇಲ್ಲ. ಹಗ್ಗದ ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ, ರಾಟೆಗಳ ಮೂಲಕ ಮೋಟಾರಿನಿಂದ ಎಳೆದು, ಅಂಕುಡೊಂಕಾಗಿ ಅಟ್ಟಿಸಿಕೊಂಡು ಹೋಗುವಂತೆ ಮಾಡುವ ಪದ್ಧತಿ ಬೇರೆ ದೇಶಗಳಲ್ಲಿ ಚಾಲ್ತಿಯಲ್ಲಿದೆ. ಪಂಪ್‌ಸೆಟ್ ಇರುವ ಜಮೀನಿನಲ್ಲಿ ಒಂದು ಮೋಟಾರು ಹೊಂದಿಸುವುದು ದೊಡ್ಡ ಕೆಲಸವೇನಲ್ಲ. ನಮ್ಮ ನಾಡಿನದೇ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದದ್ದು, ನಮ್ಮ ನೆಲದಲ್ಲೇ ತನ್ನದಲ್ಲದ ಕಸುಬಿನಲ್ಲಿ ಅನುತ್ತೀರ್ಣವಾಗುವುದು ನೋಡಲು ಕಸಿವಿಸಿಯಾಯಿತು. ಪರೀಕ್ಷೆ ಮುಗಿದ ಮೇಲೆ ಆ ಹಿರಿಯರು ಬೆಲ್ಟ್ ಬಿಚ್ಚಿದಾಗ ಅದು ಬದುವಿನ ಉದ್ದಕ್ಕೂ ಓಡಿದ್ದನ್ನು ಎಲ್ಲರೂ ಮಾತು ನಿಲ್ಲಿಸಿ ನೋಡಿದೆವು. ಅದಕ್ಕೆ ಅಂಕಪಟ್ಟಿಯಲ್ಲಿ ಕಲಂ ಇರಲಿಲ್ಲ.

ಮೂರನೆಯದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ದೇಹವನ್ನೂ ಕೆಲಸವನ್ನೂ ಅಳೆಯುವವರು ಒಬ್ಬರೇ, ಮತ್ತು ಅವರೇ ಅದೇ ಜಮೀನಿನಲ್ಲಿ ಜರ್ಮನ್ ಶೆಫರ್ಡ್ ಮರಿಗಳನ್ನು ಬೆಳೆಸಿ ಮಾರುತ್ತಾರೆ. ಅಂದು ನನ್ನ ಕಣ್ಣಿಗೆ ಪಕ್ಷಪಾತ ಕಾಣಲಿಲ್ಲ. ಅವರ ಬಳಿಯೇ ಕೊಂಡ ಒಂದು ನಾಯಿಗೆ ಯಾವ ಮುಲಾಜೂ ಇಲ್ಲದೆ ಕಡಿಮೆ ಅಂಕ ಕೊಟ್ಟರು. ಆದರೂ ಕೆಲಸದ ಅಂಕವನ್ನು ಒಬ್ಬರು, ಅಂಗಲಕ್ಷಣದ ಅಂಕವನ್ನು ಇನ್ನೊಬ್ಬರು, ಪರಸ್ಪರರ ಹಾಳೆ ನೋಡದೆ ಹಾಕುವ ವ್ಯವಸ್ಥೆ ಆಗಬೇಕು. ಮೂರು ಗಂಟೆ ಚೆನ್ನಾಗಿ ದುಡಿದ ನಾಯಿಯ ಬೆನ್ನು ಕೂಡ ಚೆನ್ನಾಗಿಯೇ ಕಾಣತೊಡಗುವುದು ಮನುಷ್ಯ ಸಹಜ.

ಮನೆಗೆ ಬಂದ ವಾರದಲ್ಲೇ ಪರಿಚಿತರೊಬ್ಬರು ತಮ್ಮ ಹೆಣ್ಣು ನಾಯಿಗೆ ಭೀಮನನ್ನು ಕೂಡಿಸಬೇಕೆಂದು ಕೇಳಿಕೊಂಡು ಬಂದರು. ಪ್ರಮಾಣಪತ್ರದ ಮೊದಲ ಪುಟದ ‘ಉತ್ತಮ’ವನ್ನು ನೋಡಿ ಅವರ ಮುಖ ಅರಳಿತು. ನಾನು ಎರಡನೆಯ ಪುಟ ತಿರುವಿ, ಡಬ್ಬದ ಸದ್ದಿನ ಎದುರು 10ಕ್ಕೆ 2 ಎಂದು ಬರೆದಿದ್ದ ಸಾಲನ್ನು ತೋರಿಸಿದೆ. “ಅದೆಲ್ಲ ಇರಲಿ ಬಿಡಿ ಸಾರ್, ಒಟ್ಟು 75 ಬಂದಿದೆಯಲ್ಲ” ಎಂದರು. ಭೀಮನನ್ನು ಕಳುಹಿಸಲಿಲ್ಲ.

ಹೋಗಬೇಕೆನ್ನುವವರಿಗೆ: ಲಸಿಕೆಯ ಪುಸ್ತಕ ಕಡ್ಡಾಯ, ಬೆದೆಗೆ ಬಂದ ಹೆಣ್ಣು ನಾಯಿಗಳನ್ನು ಸೇರಿಸುವುದಿಲ್ಲ, ಹಿಂದಿನ ರಾತ್ರಿ ಹೊಟ್ಟೆ ತುಂಬ ಊಟ ಹಾಕಬಾರದು. ನೆರಳಿಗೆ ಎರಡು ಹುಣಸೆ ಮರ ಬಿಟ್ಟರೆ ಬೇರೇನಿಲ್ಲವಾದ್ದರಿಂದ ಏಪ್ರಿಲ್, ಮೇ ತಿಂಗಳುಗಳು ಬೇಡ. ಮುಧೋಳ ಅಥವಾ ಅಂಥ ಓಟದ ತಳಿಯವರು ಸದ್ಯಕ್ಕೆ ಹಣ ಕಟ್ಟುವ ಮೊದಲು ಫೋನ್ ಮಾಡಿ ಯಾವ ಪರೀಕ್ಷೆ ಇಟ್ಟಿದ್ದಾರೆಂದು ಕೇಳುವುದು ಒಳ್ಳೆಯದು. ಒಟ್ಟು ಅಂಕವಿಲ್ಲದೆ ಎರಡು ಹಾಳೆಗಳನ್ನೂ ಬೇರೆಬೇರೆಯಾಗಿ ಕೊಡಿ ಎಂದು ನಾನು ಆಮೇಲೆ ಕೇಳಿದಾಗ ಅವರು ಬೇಸರಿಸದೆ ಹೊಸದಾಗಿ ಬರೆದು, ಸಹಿ ಹಾಕಿ ಅಂಚೆಯಲ್ಲಿ ಕಳುಹಿಸಿದರು.