ಬಸಿದ ನೀರಿನ ಪಾಠ: ಹಾಸನದ ಒಂದು ಡಯಟ್ ಟೆಕ್ನೀಷಿಯನ್ ಕೋರ್ಸಿನ ವಿಮರ್ಶೆ

ಪಿಯುಸಿ ಮುಗಿಸಿ ಆಸ್ಪತ್ರೆಯ ಕೆಲಸಕ್ಕೇ ಸೇರಬೇಕು, ಆದರೆ ನರ್ಸಿಂಗ್ ಬೇಡ, ಲ್ಯಾಬ್ ಕೋರ್ಸೂ ಬೇಡ ಎನ್ನುವವರಿಗೆ ಹಾಸನದಲ್ಲಿ ಡಯಟ್ ಟೆಕ್ನೀಷಿಯನ್ ತರಬೇತಿ ಎಂಬ ದಾರಿಯೂ ಇದೆ. ನಗರದ ಖಾಸಗಿ ಸಂಸ್ಥೆಯೊಂದರಲ್ಲಿ ಒಂದು ವರ್ಷದ ಈ ಡಿಪ್ಲೊಮಾ ಮುಗಿಸಿ, ಈಗ ಆಸ್ಪತ್ರೆಯೊಂದರ ಪಥ್ಯದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವುದರಿಂದ, ಸೇರಬೇಕೆಂದಿರುವವರಿಗೆ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುವುದು ಸರಿ ಎನಿಸಿತು. ಪ್ರಾಯೋಗಿಕ ತರಗತಿ ಬಹಳ ಚೆನ್ನಾಗಿದೆ, ಪುಸ್ತಕದ ಪಾಠ ಸಾಧಾರಣ, ಆಸ್ಪತ್ರೆಯ ತರಬೇತಿ ಅರೆಬರೆ. ಸರ್ಟಿಫಿಕೇಟಿನ ಬೆಲೆಯ ಬಗ್ಗೆ ಪ್ರವೇಶದ ಹೊತ್ತಿನಲ್ಲಿ ಹೇಳುವ ಮಾತನ್ನು ಮಾತ್ರ ನಂಬಬಾರದು.

ಕೆಲಸ ಏನೆಂಬುದು ಮೊದಲು ತಿಳಿದಿರಲಿ. ರೋಗಿಯ ಸ್ಥಿತಿ ನೋಡಿ ಪಥ್ಯವನ್ನು ನಿರ್ಧರಿಸುವವರು ಡಯಟೀಷಿಯನ್. ಆ ಪಥ್ಯ ಅಳತೆ ತಪ್ಪದೆ ತಯಾರಾಗಿ, ಸರಿಯಾದ ಹಾಸಿಗೆಗೆ, ಸರಿಯಾದ ಹೊತ್ತಿಗೆ ತಲುಪಿತೇ, ರೋಗಿ ಅದರಲ್ಲಿ ಎಷ್ಟು ತಿಂದರು, ಎಷ್ಟು ಬಿಟ್ಟರು ಎಂದು ನೋಡಿ ಬರೆದಿಡುವವರು ಟೆಕ್ನೀಷಿಯನ್. ಸಕ್ಕರೆ ಕಾಯಿಲೆಯವರ ತಟ್ಟೆ ಪಕ್ಕದ ಹಾಸಿಗೆಗೆ ಹೋದರೆ ಡಯಟೀಷಿಯನ್ ಮಾಡಿದ ಲೆಕ್ಕವೆಲ್ಲ ವ್ಯರ್ಥವಾಗುವುದರಿಂದ ಇದನ್ನು ಚಿಕ್ಕ ಕೆಲಸವೆಂದು ನಾನು ಎಂದೂ ಭಾವಿಸಿಲ್ಲ.

ಥಿಯರಿಯಲ್ಲಿ ನನಗೆ ಬೇಸರ ತಂದದ್ದು ಹಳೆಯ ನೋಟ್ಸು. ದೊಡ್ಡವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಪ್ರೋಟೀನ್ ಬೇಕೆಂದು ನಮಗೆ ಬರೆಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2020ರ ಶಿಫಾರಸಿನಲ್ಲಿ ಅದು 0.83 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳನ್ನು ವಿಶ್ಲೇಷಿಸಿ ಪ್ರಕಟಿಸಿದ ಕೋಷ್ಟಕ ಗ್ರಂಥಾಲಯದಲ್ಲಿತ್ತಾದರೂ, ಲೆಕ್ಕ ಮಾಡಿಸುವಾಗ ಅದನ್ನು ತೆರೆಯುತ್ತಿರಲಿಲ್ಲ. ಅದೇ ಸಂಸ್ಥೆ 2024ರಲ್ಲಿ ಹೊರತಂದ 17 ಆಹಾರ ಮಾರ್ಗಸೂಚಿಗಳ ಹೆಸರನ್ನೂ ತರಗತಿಯಲ್ಲಿ ಯಾರೂ ಎತ್ತಲಿಲ್ಲ. ರೆಕಾರ್ಡ್ ಪುಸ್ತಕಕ್ಕೆ ಬರೆಯಬೇಕಾಗಿದ್ದ ಮಾದರಿ ಊಟಗಳಲ್ಲಿ ಓಟ್ಸ್, ಬ್ರೊಕೋಲಿ, ಟೋಸ್ಟ್ ಇದ್ದವೇ ಹೊರತು ಅವರೆಕಾಳು, ಹುರುಳಿಕಾಳು, ಅಕ್ಕಿರೊಟ್ಟಿ ಎಲ್ಲಿಯೂ ಇರಲಿಲ್ಲ. ಹೊಳೆನರಸೀಪುರದಿಂದಲೋ ಅರಕಲಗೂಡಿನಿಂದಲೋ ಬಂದು ಮಲಗಿದ ರೋಗಿಗೆ ಆ ಪಟ್ಟಿಯಿಂದ ಏನು ಪ್ರಯೋಜನ?

ಈ ಕೊರತೆಯನ್ನೆಲ್ಲ ತುಂಬಿಕೊಟ್ಟವರು ಪ್ರಾಯೋಗಿಕ ತರಗತಿಯ ಮೇಡಂ. ಹಲವು ವರ್ಷ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿದ್ದ ಅವರು ಕಿಡ್ನಿ ರೋಗಿಯ ಪಥ್ಯವನ್ನು ಬಸ್ಸಾರಿನಿಂದಲೇ ಶುರು ಮಾಡಿದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿರುವ ಕಿಡ್ನಿ ರೋಗಿಗಳಿಗೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿಬಿಡಬೇಕು ಎಂಬುದು ನಿಯಮ. ಏಕೆಂದರೆ ಪೊಟ್ಯಾಸಿಯಂನ ಒಂದು ಪಾಲು ನೀರಿಗೆ ಇಳಿದಿರುತ್ತದೆ. ನಮ್ಮ ಕಡೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲುವುದಿಲ್ಲ, ಅದಕ್ಕೇ ಖಾರ ರುಬ್ಬಿ ಹಾಕಿ ಸಾರು ಕಾಯಿಸುತ್ತೇವೆ. ಅಂದರೆ ರೋಗಿ ಯಾವುದನ್ನು ಬಿಡಬೇಕೋ ಅದನ್ನೇ ಮುದ್ದೆಯ ಜೊತೆ ಬಟ್ಟಲುಗಟ್ಟಲೆ ಉಣ್ಣುತ್ತಿರುತ್ತಾರೆ. ಒಂದೇ ಕಂತೆ ಸೊಪ್ಪನ್ನು ಎರಡು ಪಾಲು ಮಾಡಿ, ಒಂದರಲ್ಲಿ ಮಾಮೂಲಿನಂತೆ ಬಸ್ಸಾರು, ಇನ್ನೊಂದರಲ್ಲಿ ನೀರು ಚೆಲ್ಲಿ ಉಪ್ಪು ಕಡಿಮೆ ಹಾಕಿ ಒಗ್ಗರಣೆ ಕೊಟ್ಟ ಪಲ್ಯ ಮಾಡಿಸಿ ಎರಡನ್ನೂ ನಮಗೆ ಬಡಿಸಿದರು. "ಬಸ್ಸಾರು ಬಿಡಿ ಅಂತ ಹೇಳಿ ಕಳಿಸಿದರೆ ಮನೆಗೆ ಹೋಗಿ ಉಂಡೇ ಉಣ್ಣುತ್ತಾರೆ ಕಣ್ರಮ್ಮ. ಅದರ ಬದಲಿಗೆ ಮುದ್ದೆಗೆ ಏನು ಹಾಕ್ಕೋಬೇಕು ಅನ್ನೋದನ್ನ ಹೇಳಿಕೊಡಿ" ಎಂದರು. ಅರಸೀಕೆರೆ ಕಡೆಯವರಿಗೆ ಎಳನೀರಿನ ಬಗ್ಗೆ, ನಮ್ಮ ಜಿಲ್ಲೆಯವರಿಗೆಲ್ಲ ಆಲೂಗಡ್ಡೆಯ ಬಗ್ಗೆ ಇದೇ ಎಚ್ಚರಿಕೆ ಬೇಕೆಂದೂ ಹೇಳಿದರು. ಬಿಪಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುವುದರಿಂದ ಇಂಥ ರೋಗಿಗಳಿಗೆ ಅದು ಅಪಾಯಕಾರಿ ಎಂಬುದನ್ನು ನಾನು ತಿಳಿದದ್ದೂ ಆ ತರಗತಿಯಲ್ಲೇ.

ಮುದ್ದೆಯ ಪಾಠವೂ ಅಷ್ಟೇ ಗಟ್ಟಿಯಾಗಿತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲರಿ, 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಕೋಷ್ಟಕ ಹೇಳುವುದು ಒಣ ಧಾನ್ಯದ ಲೆಕ್ಕ. ತಟ್ಟೆಗೆ ಬರುವ ಮುದ್ದೆಯಲ್ಲಿ ನೀರಿನ ತೂಕವೇ ಹೆಚ್ಚು. ಪ್ರತಿಯೊಬ್ಬರಿಗೂ ಅಳೆದ ಹಿಟ್ಟು ಕೊಟ್ಟು ಮುದ್ದೆ ಕಟ್ಟಿಸಿ ತೂಗಿಸಿದಾಗ ಒಬ್ಬರ ಮುದ್ದೆಗೂ ಇನ್ನೊಬ್ಬರ ಮುದ್ದೆಗೂ ಎದ್ದು ಕಾಣುವ ವ್ಯತ್ಯಾಸವಿತ್ತು. ಆದ್ದರಿಂದ ರೋಗಿಯನ್ನು ಎಷ್ಟು ಮುದ್ದೆ ಉಣ್ಣುತ್ತೀರಿ ಎಂದು ಕೇಳಿದರೆ ಸಾಲದು, ಮನೆಯಲ್ಲಿ ಎಷ್ಟು ಜನಕ್ಕೆ ಎಷ್ಟು ಪಾವು ಹಿಟ್ಟು ಹಾಕುತ್ತೀರಿ ಎಂದು ಅಡುಗೆ ಮಾಡುವವರನ್ನು ಕೇಳಬೇಕು. ಈ ಪ್ರಶ್ನೆಯನ್ನು ನಾನು ಇಂದಿಗೂ ದಿನವೂ ಕೇಳುತ್ತೇನೆ, ಅದಕ್ಕೆ ಬರುವ ಉತ್ತರದಿಂದ ಡಯಟೀಷಿಯನ್ನರ ಲೆಕ್ಕ ಬದಲಾದದ್ದನ್ನೂ ಕಂಡಿದ್ದೇನೆ.

ಆಸ್ಪತ್ರೆಯ ತರಬೇತಿಯಲ್ಲಿ ಕಲಿಯಲು ಬೇಕಾದಷ್ಟಿತ್ತು. ಮೂಗಿನ ನಳಿಕೆಯಿಂದ ಆಹಾರ ಪಡೆಯುವವರಿಗೆ ದ್ರವವನ್ನು ಒಂದು ಗಂಟೂ ಉಳಿಯದಂತೆ ಸೋಸಬೇಕು. ಕೊಡುವಾಗ ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಕೊಟ್ಟ ಮೇಲೆ ನಳಿಕೆಗೆ ನೀರು ಹಾಯಿಸಬೇಕು. ಕೊಡುವವರು ನರ್ಸ್ ಆದರೂ, ಗಂಟು ಸಿಕ್ಕಿ ನಳಿಕೆ ಕಟ್ಟಿಕೊಂಡರೆ ಅದು ಅಡುಗೆಮನೆಯ ತಪ್ಪೇ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಮೊದಲ ಹಂತದಲ್ಲಿ ನೂರು ಮಿಲಿಲೀಟರಿಗೆ 75 ಕಿಲೋಕ್ಯಾಲರಿಯ ಎಫ್-75 ಹಾಲನ್ನೇ ಏಕೆ ಕೊಡಬೇಕು, ಹಸಿದ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದು ಏಕೆ ಅಪಾಯ ಎಂಬುದನ್ನು ಅಲ್ಲಿಯ ಹಿರಿಯ ಸಿಸ್ಟರ್ ಒಬ್ಬರು ತಾಳ್ಮೆಯಿಂದ ವಿವರಿಸಿದರು.

ಆದರೆ ಕರಪತ್ರದಲ್ಲಿ ಹೇಳಿದ್ದ ವಾರ್ಡುಗಳ ಸರದಿ ನಡೆಯಲಿಲ್ಲ. ಡಯಾಲಿಸಿಸ್ ವಿಭಾಗಕ್ಕೆ ನಮ್ಮನ್ನು ಕಳಿಸಲೇ ಇಲ್ಲ. ಆಳುಗಳು ಕಡಿಮೆಯಿದ್ದಾರೆಂದು ನಮ್ಮ ಬಹುಪಾಲು ಹೊತ್ತನ್ನು ತರಕಾರಿ ಹೆಚ್ಚಲು, ತಟ್ಟೆ ಜೋಡಿಸಲು ಬಳಸಿಕೊಂಡರು. ಕೊನೆಗೆ ಲಾಗ್ ಪುಸ್ತಕದಲ್ಲಿ ಎಲ್ಲ ವಾರ್ಡುಗಳ ಗಂಟೆಗಳೂ ಪೂರ್ತಿ ಎಂದು ಸಹಿಯಾಯಿತು. ಶುಲ್ಕ ಕಟ್ಟಿದ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ನಾಳೆ ಅವರ ಕೈಯಿಂದ ಪಥ್ಯ ಪಡೆಯುವ ರೋಗಿಗೂ ಇದು ಅನ್ಯಾಯ. ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಬಹುದು. ಸಮವಸ್ತ್ರ, ರೆಕಾರ್ಡ್, ಪರೀಕ್ಷೆಯ ಖರ್ಚು ಬೇರೆ.

ಇನ್ನು ಸರ್ಟಿಫಿಕೇಟಿನ ವಿಷಯ. ಕೋರ್ಸ್ ಮುಗಿಸಿದರೆ ಡಯಟೀಷಿಯನ್ ಎಂದು ಬೋರ್ಡ್ ಹಾಕಿಕೊಳ್ಳಬಹುದು ಎಂದು ಪ್ರವೇಶದ ಹೊತ್ತಿನಲ್ಲಿ ನನಗೂ ಹೇಳಿದರು. ಅದು ಸರಿಯಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯ ಪ್ರಕಾರ ಸಹಾಯಕ ಆರೋಗ್ಯ ವೃತ್ತಿಯ ಡಿಪ್ಲೊಮಾ ಕನಿಷ್ಠ 2000 ಗಂಟೆಗಳದ್ದಾಗಿರಬೇಕು ಮತ್ತು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು. ಆರೋಗ್ಯ ಸೇವಾ ವೃತ್ತಿಪರರ ಪದವಿಗೆ ಕನಿಷ್ಠ 3600 ಗಂಟೆ ಬೇಕು. ಡಯಟೀಷಿಯನ್ ಎಂಬ ವೃತ್ತಿ ಆ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಅಮೆರಿಕದಲ್ಲಿ ಕೂಡ ಡಯಟೆಟಿಕ್ ಟೆಕ್ನೀಷಿಯನ್ ಆಗಬೇಕೆನ್ನುವವರು ಸಾಮಾನ್ಯವಾಗಿ ಎರಡು ವರ್ಷದ ಪದವಿ ಮತ್ತು ಮೇಲ್ವಿಚಾರಣೆಯಲ್ಲಿನ ತರಬೇತಿ ಮುಗಿಸಿ, ನೋಂದಣಿ ಪರೀಕ್ಷೆ ಬರೆದು, ಡಯಟೀಷಿಯನ್ನರ ಜೊತೆಗೇ ಕೆಲಸ ಮಾಡುತ್ತಾರೆ. ಒಂದು ವರ್ಷದ ಕಾಗದ ಹಿಡಿದು ಸ್ವಂತವಾಗಿ ಕಿಡ್ನಿ, ಸಕ್ಕರೆ ರೋಗಿಗಳಿಗೆ ಪಥ್ಯ ಬರೆದುಕೊಡುವುದಕ್ಕೆ ಯಾರನ್ನೂ ಪ್ರೋತ್ಸಾಹಿಸಬಾರದು.

ಆಸ್ಪತ್ರೆ ಅಡುಗೆಮನೆಯಲ್ಲಿ, ಹಾಸ್ಟೆಲಿನಲ್ಲಿ ಈಗಾಗಲೇ ಕೆಲಸದಲ್ಲಿರುವವರಿಗೆ ಈ ಕೋರ್ಸನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಅವರ ಕೈಯಲ್ಲಿರುವ ಅನುಭವಕ್ಕೆ ಅಳತೆ ಮತ್ತು ಕಾರಣ ಎರಡೂ ಸೇರುತ್ತವೆ. ಡಯಟೀಷಿಯನ್ನೇ ಆಗಬೇಕೆಂಬ ಆಸೆಯಿರುವ ಹುಡುಗ ಹುಡುಗಿಯರು ಪೋಷಣೆ ಮತ್ತು ಪಥ್ಯಶಾಸ್ತ್ರದ ಬಿಎಸ್ಸಿಗೆ ಸೇರುವುದು ಲೇಸು. ಈ ಕೋರ್ಸಿಗೇ ಸೇರುವುದಾದರೆ, ಮೊದಲ ಕಂತು ಕಟ್ಟುವ ಮುನ್ನ ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಎಷ್ಟು ದಿನ ತರಬೇತಿ, ಅಲ್ಲಿ ಯಾರ ಕೈಕೆಳಗೆ ಕೆಲಸ ಎಂಬುದನ್ನು ಸಂಸ್ಥೆಯ ಮೊಹರಿನೊಂದಿಗೆ ಬರೆಸಿಕೊಳ್ಳಿ. ಡಯಾಲಿಸಿಸ್ ವಿಭಾಗ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಿಕೊಡಿ ಎಂದು ಅಲ್ಲಿಯೇ ಕೇಳಿ.