ಪಿಕಪ್‌ನಲ್ಲಿ ವಿಂಚ್‌ಗಾಗಿ ಎರಡು ಬ್ಯಾಟರಿ: ನಾಲ್ಕು ಮಳೆಗಾಲದ ಬಳಕೆಯ ನಂತರ

ಇದು ಒಂದೇ ಪೆಟ್ಟಿಗೆಯಲ್ಲಿ ಬಂದ ವಸ್ತುವಿನ ವಿಮರ್ಶೆಯಲ್ಲ, ಒಂದು ಇಡೀ ಜೋಡಣೆಯದ್ದು. ಫೋರ್ ವೀಲ್ ಡ್ರೈವ್ ಡೀಸೆಲ್ ಪಿಕಪ್, ಮುಂದೆ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ 9,500 ಪೌಂಡಿನ ವಿಂಚ್ (ಕಿಲೋ ಲೆಕ್ಕದಲ್ಲಿ ಸುಮಾರು 4,300), ಬಾನೆಟ್ಟಿನಡಿ ಗಾಡಿಯ ಮೂಲ ಬ್ಯಾಟರಿ, ಹಿಂದಿನ ತೊಟ್ಟಿಯಲ್ಲಿ ಕ್ಯಾಬಿನ್ನಿಗೆ ಒತ್ತಿಕೊಂಡಂತೆ ಎರಡನೆಯದಾಗಿ ಒಂದು ಎಜಿಎಂ (ಆಮ್ಲವನ್ನು ಗಾಜಿನೆಳೆಯ ಹಾಸಿನಲ್ಲಿ ಹಿಡಿದಿಟ್ಟ) ಬ್ಯಾಟರಿ, ಎರಡರ ನಡುವೆ 140 ಆಂಪಿಯರಿನ ವೋಲ್ಟೇಜ್ ಸೆನ್ಸಿಂಗ್ ರಿಲೇ, ಅಂದರೆ ವೋಲ್ಟೇಜ್ ನೋಡಿ ತಾನೇ ಸೇರಿಸಿ ಬಿಡಿಸುವ ಸ್ವಿಚ್. ಕೆಲಸ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ತೋಟದ ದಾರಿಗಳಲ್ಲಿ. ಮೇಲೆ ಮುರಕಲ್ಲಿನ ಗುಡ್ಡೆ, ಕೆಳಗೆ ಕಂಗಿನ (ಅಡಿಕೆಯ) ತೋಟ, ನಡುವೆ ಜೂನ್ ಬಂತೆಂದರೆ ಸೋಪು ಸವರಿದಂತಾಗುವ ಶೇಡಿಮಣ್ಣಿನ ಇಳಿಜಾರು. ಎಂಟು ತಿಂಗಳು ಸುಮ್ಮನಿರುವ ವಿಂಚ್‌ಗೆ ಉಳಿದ ನಾಲ್ಕು ತಿಂಗಳು ಬಿಡುವೇ ಇಲ್ಲ.

ಎರಡನೇ ಬ್ಯಾಟರಿ ಕೊಳ್ಳಲು ಹೊರಟವರು ಮೊದಲು ಒಂದು ಲೆಕ್ಕ ನೋಡಬೇಕು. ಭಾರೀ ಎಳೆತದಲ್ಲಿ ಈ ಅಳತೆಯ ವಿಂಚ್ 400 ಆಂಪಿಯರ್ ಎಳೆಯುತ್ತದೆ. ಆಲ್ಟರ್ನೇಟರ್ 100 ಕೊಟ್ಟಿತೆಂದುಕೊಂಡರೂ ಉಳಿದ 300 ಬ್ಯಾಟರಿಯಿಂದಲೇ ಬರಬೇಕು. ಒಳ್ಳೆಯ ಸ್ಥಿತಿಯ ಬ್ಯಾಟರಿಯ ಒಳರೋಧ ಸುಮಾರು 5 ಮಿಲಿಓಮ್ ಎಂದು ಹಿಡಿದರೆ, ಒಂದೇ ಬ್ಯಾಟರಿಯಿದ್ದಾಗ 1.5 ವೋಲ್ಟ್ ಒಳಗೇ ಬೀಳುತ್ತದೆ. ತೊಟ್ಟಿಯ ಬ್ಯಾಟರಿಯಿಂದ ಮುಂದಕ್ಕೆ 5 ಮೀಟರ್ ಕೇಬಲ್, ಹಿಂದಕ್ಕೆ ಮತ್ತೆ 5 ಮೀಟರ್. 50 ಚದರ ಮಿಲಿಮೀಟರಿನ ಶುದ್ಧ ತಾಮ್ರವೇ ಆದರೂ ಅದು ಇನ್ನೂ 3.5 ಮಿಲಿಓಮ್ ಸೇರಿಸುತ್ತದೆ. ಹಾಗಾಗಿ ಎರಡು ಬ್ಯಾಟರಿ ಸಮಸಮ ಹೊರೆ ಹೊರುವುದಿಲ್ಲ. ಮುಂದಿನದು 190 ಆಂಪಿಯರ್ ಕೊಟ್ಟರೆ ಹಿಂದಿನದು 110 ಕೊಡುತ್ತದೆ, ವೋಲ್ಟೇಜ್ ಇಳಿತ 1.5ರಿಂದ 0.95ರ ಹತ್ತಿರ ಬರುತ್ತದೆ. ಅಷ್ಟು ಖರ್ಚಿನ ಬ್ಯಾಟರಿಯಿಂದ ಎಳೆತದ ಹೊತ್ತಿನಲ್ಲಿ ಸಿಗುವ ಲಾಭ ಅರ್ಧ ವೋಲ್ಟಿಗಿಂತ ತುಸು ಹೆಚ್ಚು.

ಅದಕ್ಕಿಂತ ದೊಡ್ಡ ಲಾಭ ಸಿಕ್ಕಿದ್ದು ಅರ್ತ್‌ನಲ್ಲಿ. ಫಿಟ್ಟಿಂಗ್ ಮಾಡಿದವರು ವಿಂಚಿನ ನೆಗೆಟಿವ್ ಕೇಬಲನ್ನು ಹತ್ತಿರದ ಬಂಪರ್ ಬ್ರಾಕೆಟ್ಟಿಗೇ ಬೋಲ್ಟ್ ಹಾಕಿ ಮುಗಿಸಿದ್ದರು. ಲೋಡಿನಲ್ಲಿ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ವಿಂಚ್ ಮೋಟಾರಿನ ನೆಗೆಟಿವ್ ಬೋಲ್ಟಿಗೂ ಇಟ್ಟಾಗ 1.1 ವೋಲ್ಟ್ ತೋರಿಸಿತು. ಅಷ್ಟೂ ವೋಲ್ಟೇಜ್ ಬಣ್ಣ ಬಳಿದ ಬ್ರಾಕೆಟ್, ತುಕ್ಕು ಹಿಡಿದ ವಾಷರ್ ಮತ್ತು ಬಾಡಿಯಿಂದ ಬ್ಯಾಟರಿಗೆ ಹೋಗುವ ತೆಳು ಅರ್ತ್ ಪಟ್ಟಿಯಲ್ಲಿ ಬಿಸಿಯಾಗಿ ಹೋಗುತ್ತಿತ್ತು. ವಿಂಚಿನಿಂದ ಬ್ಯಾಟರಿಯವರೆಗೆ ನೇರ 50 ಚದರ ಮಿಲಿಮೀಟರಿನ ಒಂದೂವರೆ ಮೀಟರ್ ಕೇಬಲ್ ಎಳೆದ ಮೇಲೆ ಅದೇ ಅಳತೆ 0.25ಕ್ಕೆ ಇಳಿಯಿತು. ಎರಡನೇ ಬ್ಯಾಟರಿ ಕೊಟ್ಟದ್ದಕ್ಕಿಂತ ಹೆಚ್ಚು, ಒಂದೂವರೆ ಮೀಟರ್ ಕೇಬಲಿನಲ್ಲಿ! ದಯವಿಟ್ಟು ಈ ಒಂದು ಅಳತೆಯನ್ನು ಮಾಡದೆ ಬ್ಯಾಟರಿ ಅಂಗಡಿಗೆ ಹೋಗಬೇಡಿ.

ವೋಲ್ಟೇಜ್ ಯಾಕೆ ಇಷ್ಟು ಮುಖ್ಯ ಎಂದರೆ, ವಿಂಚಿನ ಸೀರೀಸ್ ಮೋಟಾರಿನಲ್ಲಿ ಎಳೆತದ ಬಲವನ್ನು ನಿರ್ಧರಿಸುವುದು ಕರೆಂಟು, ವೇಗವನ್ನು ನಿರ್ಧರಿಸುವುದು ವೋಲ್ಟೇಜು. ವೋಲ್ಟೇಜ್ ಬಿದ್ದರೂ ಗಾಡಿ ಮೇಲೆ ಬರುತ್ತದೆ, ಆದರೆ ನಿಧಾನಕ್ಕೆ. ಒಂದು ನಿಮಿಷದ ಕೆಲಸ ಎರಡು ನಿಮಿಷವಾದರೆ ಅಷ್ಟು ಹೊತ್ತೂ ಮೋಟಾರು ಬಿಸಿಯೇರುತ್ತಲೇ ಇರುತ್ತದೆ. ಇನ್ನೂ ಕೆಟ್ಟದ್ದು ವಿಂಚಿನ ಸೊಲೆನಾಯ್ಡಿಗೆ (ಭಾರೀ ಕರೆಂಟನ್ನು ಹಚ್ಚಿ ಆರಿಸುವ ವಿದ್ಯುತ್ಕಾಂತದ ಸ್ವಿಚ್ಚಿಗೆ) ಆಗುತ್ತದೆ. ವೋಲ್ಟೇಜ್ ತೀರ ಕುಸಿದಾಗ ಅದರ ಕಾಯಿಲ್ ಹಿಡಿತ ಬಿಟ್ಟು ಟಕಟಕ ಎಂದು ಬಡಿದುಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ಒಳಗೆ ಕಿಡಿ. ಹಾಗೆ ಬಡಿದುಕೊಂಡು ಕಾಂಟಾಕ್ಟ್ ಬೆಸೆದುಹೋದರೆ ರಿಮೋಟ್ ಬಿಟ್ಟರೂ ವಿಂಚ್ ನಿಲ್ಲುವುದಿಲ್ಲ. ಅದಕ್ಕಾಗಿಯೇ ಪಾಸಿಟಿವ್ ಕೇಬಲಿಗೆ ಕೈಗೆಟಕುವಲ್ಲಿ ಕಟ್-ಆಫ್ ಸ್ವಿಚ್ ಬೇಕು, ಬಾನೆಟ್ ತೆರೆದು ಹುಡುಕುವಲ್ಲಿ ಅಲ್ಲ. ನಿರಂತರ 300 ಆಂಪಿಯರ್ ತಾಳುವಂಥದ್ದು ನೋಡಿ. ಕೆಂಪು ಪ್ಲಾಸ್ಟಿಕ್ ಕೀಲಿಯ ಅಗ್ಗದ ಸ್ವಿಚ್ ಎರಡು ಭಾರೀ ಎಳೆತಕ್ಕೆ ಮೆತ್ತಗಾಗಿ ಕೀಲಿ ಓರೆಯಾಗುತ್ತದೆ.

ಕೇಬಲ್ ಕೊಳ್ಳುವಾಗ ತಕ್ಕಡಿ ಇಟ್ಟುಕೊಳ್ಳಿ. 50 ಚದರ ಮಿಲಿಮೀಟರಿನ ತಾಮ್ರ, ಮೇಲಿನ ರಬ್ಬರ್ ಬಿಟ್ಟು, ಮೀಟರಿಗೆ ಸುಮಾರು 450 ಗ್ರಾಂ ತೂಗಬೇಕು. ತಾಮ್ರ ಲೇಪಿಸಿದ ಅಲ್ಯುಮಿನಿಯಂ ಅದರ ಅರ್ಧವೂ ಬರುವುದಿಲ್ಲ. ಎಳೆಯೊಂದನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ರೋಧ ಒಂದೂವರೆ ಪಟ್ಟು, ಸಾಲದ್ದಕ್ಕೆ ನಮ್ಮ ಮಳೆಯಲ್ಲಿ ಲಗ್ಗಿನ (ಕೇಬಲಿನ ತುದಿಗೆ ಹಾಕುವ ಲೋಹದ ಬಳೆಯ) ಒಳಗೆ ಬಿಳಿ ಹುಡಿಯಾಗಿ ಕೊಳೆಯುತ್ತದೆ. ಬೆಸುಗೆ ಯಂತ್ರಕ್ಕೆ ಬಳಸುವ ತಾಮ್ರದ ವೆಲ್ಡಿಂಗ್ ಕೇಬಲ್ ಬಾಗಲೂ ಸುಲಭ, ನಂಬಲೂ ಯೋಗ್ಯ. ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಷಟ್ಕೋನವಾಗಿ ಒತ್ತಿಸಿ, ಒಳಗೆ ಅಂಟು ಸವರಿದ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ. ಸುತ್ತಿಗೆಯಲ್ಲಿ ಜಜ್ಜಿ ಸೀಸ ತುಂಬಿಸಿದ ಲಗ್ ಬೇಡ. ಬಿಸಿಗೆ ಸೀಸ ಮೆತ್ತಗಾಗುತ್ತದೆ, ಸೀಸ ಹೀರಿದ ಎಳೆಗಳು ಗಡುಸಾಗಿ ಅದುರಿಗೆ ಮುರಿಯುತ್ತವೆ. ಪರೀಕ್ಷೆ ಸುಲಭ. ಅರ್ಧ ನಿಮಿಷ ಎಳೆದು ನಿಲ್ಲಿಸಿದ ಕೂಡಲೇ ಕೇಬಲನ್ನೂ ಲಗ್ಗನ್ನೂ ಮುಟ್ಟಿ ನೋಡಿ. ಕೇಬಲಿಗಿಂತ ಲಗ್ ಬಿಸಿಯಿದ್ದರೆ ಆ ಲಗ್ಗನ್ನು ಕತ್ತರಿಸಿ ಹೊಸದು ಹಾಕುವುದೇ ದಾರಿ.

ಇನ್ನು ರಿಲೇ. ಬ್ಯಾಟರಿ 13.3 ವೋಲ್ಟಿಗೆ ಏರಿದಾಗ ಎರಡನ್ನೂ ಸೇರಿಸುವುದು, 12.8ಕ್ಕೆ ಇಳಿದಾಗ ಬಿಡಿಸುವುದು ಇದರ ಕೆಲಸ. ಚಾರ್ಜಿಂಗ್ ವಿಷಯದಲ್ಲಿ ದೂರಿಲ್ಲ. ಆದರೆ ಮೊದಲ ಮಳೆಗಾಲದಲ್ಲಿ ಇದೇ ರಿಲೇಯ ಮೂಲಕ ವಿಂಚಿನ ಕರೆಂಟೂ ಹರಿಯಿತು. ಎಳೆತ ಶುರುವಾದಾಗ ವೋಲ್ಟೇಜ್ ಬೀಳುತ್ತದೆ, ರಿಲೇ ಬಿಡುತ್ತದೆ; ಎಳೆತ ನಿಲ್ಲಿಸಿದಾಗ ಏರುತ್ತದೆ, ಮತ್ತೆ ಹಿಡಿಯುತ್ತದೆ. ಎರಡನೇ ಬ್ಯಾಟರಿ ಬೇಕಾದ ಹೊತ್ತಿಗೇ ಅದು ಸಂಪರ್ಕದಲ್ಲಿ ಇರುವುದಿಲ್ಲ. ಆ ಸೀಸನ್ ಮುಗಿದ ಮೇಲೆ ರಿಲೇ ಬಿಚ್ಚಿ ನೋಡಿದರೆ, ಗುಂಡಿಯಷ್ಟಗಲದ ಕಾಂಟಾಕ್ಟಿನ ಒಂದು ಮೈಯಲ್ಲಿ ಸಾಸಿವೆ ಗಾತ್ರದ ಕುಳಿಗಳು, ಎದುರಿನ ಮೈಯಲ್ಲಿ ಅಷ್ಟೇ ಗಾತ್ರದ ಉಬ್ಬುಗಳು, ಸುತ್ತ ಕಾಡಿಗೆಯಂಥ ಕರಿ. ಅಂಚಿನಲ್ಲಿ ಒಂದು ಇರುವೆ ಸುಟ್ಟು ಅಂಟಿಕೊಂಡಿತ್ತು. ಇರುವೆ ಇಲ್ಲಿ ಸಣ್ಣ ವಿಷಯವಲ್ಲ. ರಿಲೇಯ ಬೆಚ್ಚನೆಯ ಡಬ್ಬಿ ಮಳೆಗಾಲದಲ್ಲಿ ಅವುಗಳಿಗೆ ಮನೆ, ಪೂರ್ತಿ ಸೀಲ್ ಆದ ರಿಲೇಯನ್ನೇ ಕೇಳಿ ತನ್ನಿ.

ಪರಿಹಾರ ಸರಳ. ರಿಲೇಯನ್ನು ಚಾರ್ಜಿಂಗಿಗೆ ಮಾತ್ರ ಬಿಟ್ಟು, ಅದರ ಎರಡು ಬೋಲ್ಟಿಗೆ ಸಮಾಂತರವಾಗಿ ನಿರಂತರ 200 ಆಂಪಿಯರ್, ಅಲ್ಪಕಾಲಕ್ಕೆ 500 ಆಂಪಿಯರ್ ತಾಳುವ ಇನ್ನೊಂದು ಸೊಲೆನಾಯ್ಡ್ ಹಾಕಿ, ಅದರ ಸ್ವಿಚ್ಚನ್ನು ಡ್ಯಾಶ್‌ಬೋರ್ಡಿಗೆ ತಂದದ್ದು. ಹಗ್ಗ ಬಿಗಿಯಾಗುವ ಮೊದಲೇ ಸ್ವಿಚ್ ಒತ್ತಬೇಕು. ಎಳೆತ ನಿಂತ ಮೇಲೆ ಒಂದೆರಡು ನಿಮಿಷ ಬಿಟ್ಟು ತೆಗೆಯಬೇಕು. ಆಗ ರಿಲೇ ಎಷ್ಟು ಬಡಿದುಕೊಂಡರೂ ಅದರ ಎರಡು ತುದಿಯ ನಡುವೆ ವೋಲ್ಟೇಜ್ ವ್ಯತ್ಯಾಸ ಇರುವುದಿಲ್ಲ, ಕಿಡಿಯೂ ಇಲ್ಲ. ಮೂರು ಮಳೆಗಾಲ ಕಳೆದರೂ, ಸುಟ್ಟದ್ದರ ಬದಲಿಗೆ ಹಾಕಿದ ಎರಡನೇ ರಿಲೇಯ ಸದ್ದು ಬದಲಾಗಿಲ್ಲ. ಸೊಲೆನಾಯ್ಡ್ ಕೊಳ್ಳುವಾಗ ಮೋಸ ಹೋಗುವುದು ಸುಲಭ. ಸ್ಟಾರ್ಟರಿನ ಸೊಲೆನಾಯ್ಡೂ ನೋಡಲು ಹಾಗೇ ಇರುತ್ತದೆ, ಆದರೆ ಅದು ಕೆಲವೇ ಸೆಕೆಂಡುಗಳ ಕೆಲಸಕ್ಕೆ ಮಾಡಿದ್ದು. ಐದು ನಿಮಿಷ ಹಿಡಿದಿಟ್ಟರೆ ಕಾಯಿಲ್ ಸುಡುತ್ತದೆ. ‘ಕಂಟಿನ್ಯುವಸ್ ಡ್ಯೂಟಿ’ ಎಂದು ಬರೆದಿರಲೇಬೇಕು.

ಈ ಸ್ವಿಚ್ಚಿನ ಇನ್ನೊಂದು ಉಪಕಾರವನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೋಟದ ತಳದಲ್ಲಿ ಮುಂದಿನ ಬ್ಯಾಟರಿ ಇಳಿದುಹೋದರೆ ಸ್ವಿಚ್ ಒತ್ತಿ ಹಿಂದಿನದರಿಂದ ಸ್ಟಾರ್ಟ್ ಮಾಡಬಹುದು. ನಿಜ ಹೇಳಬೇಕೆಂದರೆ, ಎರಡನೇ ಬ್ಯಾಟರಿಯ ಬೆಲೆ ತೀರಿಸುವುದು ವಿಂಚಿನ ಆ ಅರ್ಧ ವೋಲ್ಟಲ್ಲ, ಈ ಒಂದು ಅನುಕೂಲ.

ಎರಡು ಬ್ಯಾಟರಿಗಳ ನಡುವಿನ ಕೇಬಲಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, 250 ಆಂಪಿಯರ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಒಂದೇ ಸಾಕೆನ್ನುವವರು ಆ ಕೇಬಲಿಗೆ ಎರಡೂ ಕಡೆಯಿಂದ ಕರೆಂಟು ಬರುತ್ತದೆಂಬುದನ್ನು ಮರೆಯುತ್ತಾರೆ. ನಡುವೆ ಎಲ್ಲಿ ಸವೆದು ಚಾಸಿಗೆ ತಗುಲಿದರೂ ಫ್ಯೂಸಿಲ್ಲದ ಕಡೆಯ ಬ್ಯಾಟರಿ ಬೆಂಕಿ ಹಚ್ಚುತ್ತದೆ. ಕೇಬಲನ್ನು ಚಾಸಿಯ ಒಳಮೈಯಲ್ಲಿ ಕಂಡ್ಯೂಟ್ ಹಾಕಿ ಎಳೆಯಿರಿ, ತೊಟ್ಟಿಯ ನೆಲದ ಮೇಲೆ ಅಲ್ಲ. ಮುರಕಲ್ಲು ಹೇರಿದ ಒಂದು ಟ್ರಿಪ್ಪಿಗೆ ಅಲ್ಲಿನ ಕಂಡ್ಯೂಟ್ ಸೀಳಿಹೋಗುತ್ತದೆ. ಅಡಿಕೆ ಸಿಪ್ಪೆ ರಾಶಿಯಿರುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿದಿದೆಯೇ ಎಂದು ತಿಂಗಳಿಗೊಮ್ಮೆ ಕೈಯಾಡಿಸಿ ನೋಡಬೇಕು.

ತೊಟ್ಟಿಯ ಬ್ಯಾಟರಿ ಪೆಟ್ಟಿಗೆಗೆ ತಳದಲ್ಲಿ ಎರಡು ತೂತು ಕೊರೆಯಿರಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಊರಿನಲ್ಲಿ ಮುಚ್ಚಳವೊಂದನ್ನೇ ನಂಬಿದರೆ ಪೆಟ್ಟಿಗೆ ಬಾನಿಯಾಗುತ್ತದೆ. ಇಲ್ಲಿಯವರಿಗೆ ಮಾತ್ರ ಬರುವ ಇನ್ನೊಂದು ತೊಂದರೆ ಮೈಲುತುತ್ತಿನದ್ದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡಲು ನೂರು ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಲ್ಲರೂ ಸಾಗಿಸುವವರೇ. ಸುಣ್ಣ ಸೇರಿಸದ ತುತ್ತಿನ ನೀರು ಪೆಟ್ಟಿಗೆಯ ಮೇಲೆ ಚೆಲ್ಲಿದರೆ ಬೋಲ್ಟಿನ ಸತುವಿನ ಲೇಪವನ್ನು ತಿಂದು, ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂರಿಸುತ್ತದೆ. ನೋಡಲು ಹೊಳೆಯುವ ಆ ಬೋಲ್ಟ್ ಒಳಗೆ ಸವೆಯುತ್ತಿರುತ್ತದೆ. ತುತ್ತಿನ ಡ್ರಮ್ಮನ್ನು ಹಿಂಬಾಗಿಲ ಕಡೆಗೆ ಇಡಿ, ಟರ್ಮಿನಲಿಗೆ ಬಿಗಿದಾದ ಮೇಲೆ ವ್ಯಾಸಲೀನ್ ಸವರಿ, ಸಾಧ್ಯವಾದರೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿ.

ಬ್ಯಾಟರಿಯ ಜಾತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಜಿಎಂ ಬಾನೆಟ್ಟಿನಡಿಯ ಬಿಸಿಗೆ ಬೇಗ ಸೋಲುತ್ತದೆ, ತೊಟ್ಟಿಯಲ್ಲಿ ಹಾಯಾಗಿರುತ್ತದೆ. ಲಿಥಿಯಂ ವಿಂಚಿಗೆ ಬೇಡ. ಸಾಮಾನ್ಯ 100 ಆಂಪಿಯರ್ ಮಿತಿಯ ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕೀಟು) ಎಳೆತದ ನಟ್ಟನಡುವೆ ಕರೆಂಟು ಕಡಿದುಬಿಡುತ್ತದೆ. ರಿಲೇಯ ಬದಲು ಹಾಕುವ ಡಯೋಡ್ ಐಸೊಲೇಟರ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ) ಅಗ್ಗವಾಗಿ ಸಿಗುತ್ತದೆ, ಆದರೆ 0.7 ವೋಲ್ಟ್ ಅಲ್ಲಿಯೇ ನುಂಗುವುದರಿಂದ ಹಿಂದಿನ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ.

ಹೊಸ ಬಿಎಸ್6 ಗಾಡಿಯವರು ಈ ಜೋಡಣೆಯನ್ನು ಹಾಗೇ ನಕಲು ಮಾಡಬೇಡಿ. ಹಲವು ಗಾಡಿಗಳಲ್ಲಿ ಇಂಜಿನ್ ಕಂಪ್ಯೂಟರೇ ಆಲ್ಟರ್ನೇಟರಿನ ವೋಲ್ಟೇಜನ್ನು ಇಳಿಸಿಬಿಡುತ್ತದೆ, ರಿಲೇ ದಾರಿ ಮಧ್ಯದಲ್ಲೇ ಬಿಡುತ್ತದೆ. ಅಂಥ ಗಾಡಿಗೆ ರಿಲೇಯ ಬದಲು, ಇಳಿದ ವೋಲ್ಟೇಜನ್ನು ಏರಿಸಿ ಹಿಂದಿನ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಬೇಕು. ಸಮಾಂತರ ಸೊಲೆನಾಯ್ಡ್ ಹಾಗೆಯೇ ಇರಲಿ. ನೆಗೆಟಿವ್ ಟರ್ಮಿನಲಿನಲ್ಲಿ ಬ್ಯಾಟರಿಯ ಕರೆಂಟು ಅಳೆಯುವ ಕಪ್ಪು ಸೆನ್ಸರ್ ಕೂತಿದ್ದರೆ ವಿಂಚಿನ ಅರ್ತನ್ನೂ ಎರಡನೇ ಬ್ಯಾಟರಿಯ ಅರ್ತನ್ನೂ ಟರ್ಮಿನಲಿಗಲ್ಲ, ಸೆನ್ಸರಿನ ಆಚೆಯ ಚಾಸಿ ಬೋಲ್ಟಿಗೆ ಕೊಡಿ. ಆಗ ಆ ಬೋಲ್ಟಿನಿಂದ ಬ್ಯಾಟರಿಗೆ ಹೋಗುವ ಮೂಲ ಕೇಬಲನ್ನೂ ದಪ್ಪ ಮಾಡಬೇಕಾಗುತ್ತದೆ. ಬಂಪರ್ ಬದಲಿಸುವ ಯೋಚನೆಯಿದ್ದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಬುಲ್‌ಬಾರ್ ವಿರುದ್ಧ 2017ರ ಡಿಸೆಂಬರಿನ ಕೇಂದ್ರದ ಸೂಚನೆಯೂ ಇದೆ.

ಬಳಸುವಾಗ ಇಂಜಿನ್ನನ್ನು 1,500 ಆರ್‌ಪಿಎಂನಲ್ಲಿ ಇಡಿ, ಐಡಲಿನಲ್ಲಿ ಆಲ್ಟರ್ನೇಟರ್ ಅರ್ಧದಷ್ಟೇ ಕೊಡುತ್ತದೆ. ಒಂದು ನಿಮಿಷ ಎಳೆದರೆ ನಿಲ್ಲಿಸಿ, ಮೋಟಾರಿನ ಮೈ ಮುಟ್ಟಿ ನೋಡಿ. ಗಾಡಿ ಪೂರ್ತಿ ಹೂತಿದ್ದರೆ ರಾಟೆ ಹಾಕಿ ಹಗ್ಗವನ್ನು ಗಾಡಿಗೇ ತಿರುಗಿಸಿ ಕಟ್ಟಿ. ವೇಗ ಅರ್ಧವಾಗುತ್ತದೆ, ಹಗ್ಗದ ಮೇಲಿನ ಹೊರೆಯೂ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಬ್ಯಾಟರಿ ಉಸಿರಾಡುತ್ತದೆ. ಕಂಗಿಗೆ ಮಾತ್ರ ಕಟ್ಟಬೇಡಿ, ಮಳೆಗಾಲದ ಸಡಿಲ ಮಣ್ಣಿನಲ್ಲಿ ತೆಂಗೂ ನಂಬಿಕೆಗೆ ಯೋಗ್ಯವಲ್ಲ, ಎರಡಕ್ಕೂ ತಾಯಿಬೇರಿಲ್ಲ. ಗುಡ್ಡೆಯ ಬದಿಯಲ್ಲಿ ಹಲಸೋ ಮಾವೋ ಇದ್ದೇ ಇರುತ್ತದೆ, ಅಗಲ ಪಟ್ಟಿ ಹಾಕಿ ಬುಡಕ್ಕೆ ಕಟ್ಟಿ.

ಎರಡು ನಿಮಿಷದ ಭಾರೀ ಎಳೆತ ಬ್ಯಾಟರಿಗಳಿಂದ ಸುಮಾರು 10 ಆಂಪಿಯರ್-ಅವರ್ ತೆಗೆಯುತ್ತದೆ. ಗಾಡಿ ಮೇಲೆ ಬಂತೆಂದು ಅಂಗಳದಲ್ಲಿ ಆಫ್ ಮಾಡಿದರೆ ಅದು ತುಂಬುವುದಿಲ್ಲ, ಅರ್ಧ ಗಂಟೆಯಾದರೂ ಓಡಬೇಕು. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಎರಡನ್ನೂ ಬೇರೆ ಬೇರೆ ಅಳೆಯಿರಿ. 12.6ರ ಮೇಲಿದ್ದರೆ ಸರಿ, 12.2 ಎಂದರೆ ಅರ್ಧ ಖಾಲಿ, ಚಾರ್ಜರಿಗೆ ಹಾಕಿ. ನಾಲ್ಕನೇ ವರ್ಷದಲ್ಲಿ ತೊಟ್ಟಿಯ ಎಜಿಎಂ ಇನ್ನೂ 12.7 ತೋರಿಸುತ್ತಿದೆ. ಮುಂದಿನದು ಮೂರನೇ ಮಳೆಗಾಲದ ಕೊನೆಗೆ 12.3ರ ಮೇಲೆ ನಿಲ್ಲದೆ ಬದಲಿಸಬೇಕಾಯಿತು.