ಬ್ರೌಸರಿನಲ್ಲೇ ಕೋಟೆ, ಸೈನ್ಯ, ಡ್ರ್ಯಾಗನ್: ಲಿಟಲ್ ವಾರ್ ಗೇಮ್

ಬ್ರೌಸರಿನಲ್ಲಿ ಆಡುವ ಸ್ಟ್ರಾಟಜಿ ಆಟ ಎಂದೊಡನೆ ಹಲವರಿಗೆ ನೆನಪಾಗುವುದು, ಒಂದು ಕಟ್ಟಡ ಮೇಲೇಳಲು ಗಂಟೆಗಟ್ಟಲೆ ಕಾಯಿಸಿ, ಕಾಯಲಾರದವರಿಗೆ ಆ ಕಾಯುವಿಕೆ ತಪ್ಪಿಸುವ ಆಟದೊಳಗಿನ ವಜ್ರಗಳನ್ನು ಹಣಕ್ಕೆ ಮಾರುವ ಆಟಗಳು. ಸೇನೆಯನ್ನು ನಡೆಸುವ ಜಾಣ್ಮೆಗೆ ಅಲ್ಲಿ ಹೆಚ್ಚಿನ ಕೆಲಸವಿರುವುದಿಲ್ಲ. ಲಿಟಲ್ ವಾರ್ ಗೇಮ್ ಆ ಜಾತಿಗೆ ಸೇರಿದ್ದಲ್ಲ. 1992ರ ಡ್ಯೂನ್ 2 ಮತ್ತು 1994ರ ವಾರ್‌ಕ್ರಾಫ್ಟ್ ಆಟಗಳು ಹಾಕಿಕೊಟ್ಟ ದಾರಿಯಲ್ಲೇ, ಅಂದರೆ ಸಂಪತ್ತು ಕೂಡಿಸಿ, ಕಟ್ಟಡ ಕಟ್ಟಿ, ಪಡೆ ಬೆಳೆಸಿ, ಎದುರಾಳಿಯ ನೆಲೆಯನ್ನು ಕೆಡವುವ ಕ್ರಮದಲ್ಲೇ ಸಾಗುವ ಈ ಉಚಿತ ಆಟಕ್ಕೆ ಇನ್‌ಸ್ಟಾಲ್ ಮಾಡುವ ತಾಪತ್ರಯವಿಲ್ಲ; ಪುಟ ತೆರೆದರೆ ಸಾಕು. ಚಿತ್ರಗಳು ಹಳೆಯ ಕಾಲದ ಚಿಕ್ಕ ಪಿಕ್ಸೆಲ್ ಚಿತ್ರಗಳಾದ್ದರಿಂದ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಸರಾಗವಾಗಿ ನಡೆಯುತ್ತದೆ.

ನನಗೆ ಬಹಳ ಹಿಡಿಸಿದ್ದು ಇದರ ಲೆಕ್ಕಾಚಾರ. ಇಲ್ಲಿ ಗಣಿಯಿಂದ ತರುವ ಚಿನ್ನವೊಂದೇ ಸಂಪತ್ತು. ಕೆಲಸಗಾರರು, ಪಡೆಯ ಮಿತಿಯನ್ನು ಹೆಚ್ಚಿಸುವ ಮನೆಗಳು, ಸೈನಿಕರು, ಬಿಲ್ಲುಗಾರರು, ಮಾಂತ್ರಿಕರು, ಎಲ್ಲಕ್ಕೂ ಅದೇ ಚಿನ್ನ ಬೇಕು. ಹಾಗಾಗಿ ಮೊದಲ ಕೆಲವು ನಿಮಿಷಗಳಲ್ಲಿ ಇನ್ನೊಂದು ಗಣಿಯ ಬಳಿ ಎರಡನೆಯ ಕೋಟೆ ಕಟ್ಟಬೇಕೇ, ಅಥವಾ ಆ ಹಣದಲ್ಲಿ ಸೈನಿಕರನ್ನು ತಯಾರಿಸಿ ಎದುರಾಳಿಯ ಕೆಲಸಗಾರರ ಮೇಲೆ ಬೀಳಬೇಕೇ ಎಂಬ ಪ್ರಶ್ನೆ ಪ್ರತಿ ಪಂದ್ಯದಲ್ಲೂ ಹೊಸದಾಗಿ ಎದುರಾಗುತ್ತದೆ. ಎರಡನೆಯ ಕೋಟೆ ಮುಂದೆ ಇಮ್ಮಡಿ ಆದಾಯ ಕೊಡುವುದೇನೋ ನಿಜ, ಆದರೆ ಅದು ಮುಗಿಯುವವರೆಗೆ ನಮ್ಮ ಬಾಗಿಲು ಕಾಯಲು ಆಳುಗಳೇ ಇರುವುದಿಲ್ಲ. ಎದುರಾಳಿಯ ಯೋಜನೆ ಕಾಣದಿರುವುದರಿಂದ ಒಬ್ಬ ಕೆಲಸಗಾರನನ್ನು ಬೇಹಿಗೆ ಕಳುಹಿಸಲೇಬೇಕು. ಎದುರಾಳಿಯ ನೆಲೆಯಲ್ಲಿ ಎಷ್ಟು ಕಟ್ಟಡಗಳಿವೆ ಎಂಬ ಒಂದು ನೋಟ ಮುಂದಿನ ಐದು ನಿಮಿಷಗಳನ್ನು ನಿರ್ಧರಿಸಬಲ್ಲದು.

ಹಾರುವ ಡ್ರ್ಯಾಗನ್ ಬಂದಾಗ ಕತ್ತಿ ಹಿಡಿದ ಸೈನಿಕರು ನೋಡುತ್ತ ನಿಲ್ಲಬೇಕಾಗುತ್ತದೆ, ಬಿಲ್ಲುಗಾರರಂಥ ದೂರದಿಂದ ಹೊಡೆಯುವವರು ಬೇಕು. ಯಾವ ಪಡೆಯೂ ಎಲ್ಲದಕ್ಕೂ ಮದ್ದಲ್ಲ ಎಂಬ ಈ ಸಮತೋಲನವನ್ನು ರೂಪಿಸಿದವರು ಮೆಚ್ಚುಗೆಗೆ ಅರ್ಹರು.

ತೊಡಕುಗಳು ಹೆಚ್ಚಾಗಿ ಬ್ರೌಸರಿನ ಕಡೆಯಿಂದ ಬರುತ್ತವೆ. ಕೀಬೋರ್ಡ್ ಶಾರ್ಟ್‌ಕಟ್‌ಗಳಿಲ್ಲದೆ ಈ ಬಗೆಯ ಆಟವನ್ನು ವೇಗವಾಗಿ ಆಡಲಾಗದು. ಆದರೆ ಗಡಿಬಿಡಿಯಲ್ಲಿ ಕಂಟ್ರೋಲ್ ಜೊತೆಗೆ ಡಬ್ಲ್ಯೂ ಒತ್ತಿದರೆ ಟ್ಯಾಬೇ ಮುಚ್ಚಿಹೋಗುತ್ತದೆ. ಹಿಂದಿನ ಸಾಲಿಗೆ ಸರಿದ ಟ್ಯಾಬುಗಳ ಕೆಲಸವನ್ನು ಬ್ರೌಸರುಗಳು ನಿಧಾನಗೊಳಿಸುವುದರಿಂದ, ಪಂದ್ಯದ ನಡುವೆ ಮೇಲ್ ನೋಡಿ ಬರುವ ಅಭ್ಯಾಸವನ್ನೂ ಬಿಡಬೇಕು. ಟಚ್‌ಪ್ಯಾಡಿನಲ್ಲಿ ಆಡುವ ಪ್ರಯತ್ನವೇ ಬೇಡ, ಮೌಸ್ ಅನಿವಾರ್ಯ. ಇದು ಕೆಲವೇ ಆಸಕ್ತರ ಆಟವಾದ್ದರಿಂದ ಎಲ್ಲ ವೇಳೆಯಲ್ಲೂ ಸರಿಸಮಾನ ಎದುರಾಳಿ ಸಿಗುತ್ತಾರೆಂದು ನಿರೀಕ್ಷಿಸುವಂತಿಲ್ಲ. ಪಳಗಿದವರ ಎದುರು ಹೊಸಬರು ಬೇಗನೆ ಸೋತು ಬೇಸರಪಡುವ ಸಾಧ್ಯತೆಯೂ ಇದೆ.

ಆದ್ದರಿಂದ ಮೊದಲು ಕಂಪ್ಯೂಟರ್ ಎದುರಾಳಿಯೊಂದಿಗೆ ಆಡಿ, ಚಿನ್ನ ಬಳಕೆಯಾಗದೆ ಸುಮ್ಮನೆ ಕೂರದಂತೆ ಖರ್ಚು ಮಾಡುವುದನ್ನು ಕೈಗೆ ರೂಢಿಸಿಕೊಳ್ಳುವುದು ಒಳ್ಳೆಯದು. ಆಟದೊಳಗೇ ನಕ್ಷೆ ರಚಿಸುವ ಸಲಕರಣೆಯಿದೆ. ಇಬ್ಬರು ಗೆಳೆಯರು ತಮ್ಮದೇ ಭೂಪಟ ಮಾಡಿಕೊಂಡು, ಗಣಿ ಎಲ್ಲಿರಬೇಕು, ಕಣಿವೆ ಎಷ್ಟು ಕಿರಿದಾಗಿರಬೇಕು ಎಂದು ಮೊದಲೇ ಒಪ್ಪಿಕೊಂಡು ಕಾದಾಡುವುದಾದರೆ, ಅಪರಿಚಿತರಿಗಾಗಿ ಕಾಯುವ ಅಗತ್ಯವೂ ಇರುವುದಿಲ್ಲ.